ಅರ್ಧ ಕ್ಷೌರದ ಮೊಕದ್ದಮೆ

ನಮ್ಮ ಕೌಟುಂಬಿಕ ನ್ಯಾಯಾಲಯದ ನೆಲಮಹಡಿಯಲ್ಲಿ, ಶೌಚಾಲಯಕ್ಕೂ ಹಳೆಯ ಕಡತಗಳ ಕೋಣೆಗೂ ನಡುವೆ ಒಂದು ಭೇಟಿ ಕೋಣೆ ಇದೆ. ಮಗು ಅಮ್ಮನ ಜೊತೆಗಿದ್ದರೆ ಅಪ್ಪ, ಅಪ್ಪನ ಜೊತೆಗಿದ್ದರೆ ಅಮ್ಮ, ಶನಿವಾರ ಬಂದು ಒಂದು ಗಂಟೆ ನೋಡಿಕೊಂಡು ಹೋಗುವ ಜಾಗ ಅದು. ಎರಡು ಚಾಪೆ, ಒಂದು ಕಾಲು ಮುರಿದ ಪ್ಲಾಸ್ಟಿಕ್ ಕುದುರೆ, ಬಣ್ಣದ ಕಾಗದ, ಗೋಡೆಗೊಂದು ಗಡಿಯಾರ. ಇಷ್ಟಕ್ಕೂ ಒಡತಿ ನಮ್ಮ ಗಡಿಯಾರದಕ್ಕ.

ಆ ಹೆಸರಿಟ್ಟವನು ನಾನೇ, ಪಕ್ಕದ ಕೋಣೆಯ ಕಡತಗಳ ಗುಮಾಸ್ತ. ಹದಿನೇಳು ವರ್ಷ ಆಕೆಯ ಎದುರಿಗೆ ಕೂತು ಊಟದ ಡಬ್ಬಿ ಬಿಚ್ಚಿದವನಿಗೆ ಅಷ್ಟು ಹಕ್ಕಾದರೂ ಬೇಡವೇ? ಮೂರು ಎಂದರೆ ಮೂರಕ್ಕೆ ಬಾಗಿಲು ತೆಗೆಯುವುದು, ನಾಲ್ಕು ಎಂದರೆ ನಾಲ್ಕಕ್ಕೆ ಮುಚ್ಚುವುದು. ಅಳುವ ಅಪ್ಪಂದಿರಿರಲಿ, ಗೋಗರೆಯುವ ಅಜ್ಜಿಯರಿರಲಿ, ಗದರುವ ವಕೀಲರಿರಲಿ, ಅಕ್ಕ ಯಾರಿಗೂ ಜಗ್ಗಿದವಳಲ್ಲ.

“ಒಬ್ಬರಿಗೆ ಹತ್ತು ನಿಮಿಷ ಜಾಸ್ತಿ ಕೊಟ್ರೆ ಇನ್ನೊಬ್ಬರಿಂದ ಕದ್ದ ಹಾಗಲ್ವೇನೋ ತಮ್ಮಾ?” ಎನ್ನುತ್ತಿದ್ದಳು.

ಒಮ್ಮೆ ಹಿರಿಯ ವಕೀಲರೊಬ್ಬರು, ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂದು ಕೋಣೆಯ ಗೋಡೆಗೆ ದೊಡ್ಡದಾಗಿ ಬರೆಸೋಣ ಎಂದರು. ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದಳು: “ಬೇಡ ಸಾರ್. ಓದೋದು ಗೊತ್ತಿರೋ ಕೂಸುಗಳೂ ಇಲ್ಲಿಗೆ ಬರ್ತವೆ.”

ಇಂಥ ಅಕ್ಕನ ಕೋಣೆಗೆ ಒಬ್ಬ ಕ್ಷೌರಿಕ ಬರತೊಡಗಿದ. ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಇಬ್ಬರೂ ಕತ್ತರಿಯಿಂದಲೇ ಬದುಕುವವರು. ಎಂಟು ತಿಂಗಳಿಂದ ಒಬ್ಬರಿಗೊಬ್ಬರು ಮಾತಿಲ್ಲ. ಏಳು ವರ್ಷದ ಮಗಳು ಅಮ್ಮನ ಬಳಿ, ಅಪ್ಪನಿಗೆ ವಾರಕ್ಕೊಂದು ಗಂಟೆ ಎಂದು ತಾತ್ಕಾಲಿಕ ಆದೇಶವಾಗಿತ್ತು.

ಮೂರು ಶನಿವಾರ ಆ ಹುಡುಗಿ ಅಪ್ಪನಿಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ಕೂತಳು. ಪಾಪ, ಅವನು ಗೊಂಬೆ ತಂದ, ಬಿಸ್ಕತ್ತು ತಂದ, ಕೊನೆಗೆ ಬೆಕ್ಕಿನ ಹಾಗೆ ಕೂಗಿಯೂ ನೋಡಿದ. ಬೆಕ್ಕಿಗೂ ಉತ್ತರವಿಲ್ಲ. ನಾಲ್ಕನೆಯ ಶನಿವಾರ ಚಿತ್ರ ಬರೆಯುತ್ತಿದ್ದವಳು ಗೋಡೆಗೆ ಹೇಳಿದಂತೆ ಹೇಳಿದಳು: “ಕೂದಲು ಕಣ್ಣಿಗೆ ಬೀಳ್ತಿದೆ.”

ಕ್ಷೌರಿಕನ ಕೈ ತಾನಾಗಿಯೇ ಮೇಲೆದ್ದಿತು. ಆದರೆ ಕೋಣೆಯೊಳಗೆ ಹರಿತವಾದ ವಸ್ತು ತರುವಂತಿಲ್ಲ. ಅವನು ಬರಿಗೈ ಹಿಡಿದು ಅಕ್ಕನ ಮುಖ ನೋಡಿದ. ಅಕ್ಕ ಗಡಿಯಾರ ನೋಡಿದಳು, ಮೂರೂ ಮೂವತ್ತೈದು. ಮೇಜಿನ ಡ್ರಾಯರ್ ಎಳೆದು, ಬಣ್ಣದ ಕಾಗದ ಕತ್ತರಿಸುವ ಮೊಂಡು ಕತ್ತರಿಯನ್ನು ತೆಗೆದು ಅವನ ಕೈಗಿಟ್ಟಳು. ಹದಿನೇಳು ವರ್ಷದಲ್ಲಿ ಆಕೆ ಮುರಿದ ಮೊದಲ ನಿಯಮ.

ಮಗು ನಕ್ಕಿದ್ದು ಗೋಡೆಯಾಚೆ ನನಗೂ ಕೇಳಿಸಿತು.

“ಅಪ್ಪಾ, ಎಳೀತಿದೆ!”

“ನಾನಲ್ಲ ಪುಟ್ಟಿ, ಕತ್ತರಿ. ಅದಕ್ಕೆ ಬೈ.”

ನಾಲ್ಕು ಹೊಡೆಯುವಾಗ ಬಲಗಡೆಯ ಕೂದಲು ಕಿವಿಯ ಮಟ್ಟಕ್ಕೆ ಬಂದಿತ್ತು, ಎಡಗಡೆಯದು ಇನ್ನೂ ಹೆಗಲ ಮೇಲಿತ್ತು.

“ಸಮಯ ಆಯ್ತು,” ಎಂದಳು ಅಕ್ಕ.

“ಅಕ್ಕಾ, ಐದೇ ಐದು ನಿಮಿಷ...”

“ಸಮಯ ಆಯ್ತು ಅಂದೆ.”

ಅರ್ಧ ಕ್ಷೌರದ ಮಗಳನ್ನು ಕಂಡ ಅಮ್ಮ ಸುಮ್ಮನಿರುತ್ತಾಳೆಯೇ? ಸೋಮವಾರವೇ ಅರ್ಜಿ ಬಿತ್ತು: ಅಪ್ಪ ಹರಿತವಾದ ಆಯುಧ ತಂದಿದ್ದಾನೆ, ಮಗುವನ್ನು ವಿಕಾರಗೊಳಿಸಿದ್ದಾನೆ, ಆದ್ದರಿಂದ ಭೇಟಿಯನ್ನೇ ರದ್ದು ಮಾಡಬೇಕು. ಅವನಿಗೆ ಉಳಿದಿದ್ದ ಆ ಒಂದು ಗಂಟೆಯೂ ಹೋಗುವ ಹಾಗಾಯಿತು. ಆದರೂ ಆ ಪುಣ್ಯಾತ್ಮ ತನ್ನ ಉತ್ತರದಲ್ಲಿ ಅಕ್ಕನ ಸುದ್ದಿಯನ್ನೇ ಎತ್ತಲಿಲ್ಲ. ‘ತಪ್ಪಾಯಿತು’ ಎಂದಷ್ಟೇ ಬರೆಸಿದ್ದ.

ನಾನು ಊಟದ ಹೊತ್ತಿನಲ್ಲಿ ಬುದ್ಧಿ ಹೇಳಿದೆ. “ನಿವೃತ್ತಿಗೆ ಎಂಟು ತಿಂಗಳಿದೆ ಅಕ್ಕ. ಅವನೇ ಬಾಯಿ ಬಿಟ್ಟಿಲ್ಲ, ನಿಮಗ್ಯಾಕೆ ಇಲ್ಲದ ಉಸಾಬರಿ?” ಅಕ್ಕ ಅರ್ಧ ಊಟಕ್ಕೇ ಡಬ್ಬಿಯ ಮುಚ್ಚಳ ಹಾಕಿದಳು. ಆ ಮಾತಾಡಿದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ವಿಚಾರಣೆಯ ದಿನ ಆಕೆ ಯಾರೂ ಕರೆಯದೆ ಒಳಗೆ ನಡೆದು, ಕತ್ತರಿಯನ್ನು ನ್ಯಾಯಾಧೀಶರ ಮೇಜಿನ ಮೇಲಿಟ್ಟಳು. ನಾನು ಕಡತ ಹಿಡಿದು ಬದಿಯಲ್ಲಿ ನಿಂತಿದ್ದೆ.

“ಈ ಕತ್ತರಿ ಅವರದಲ್ಲ ಮೇಡಂ, ನನ್ನದು. ಕೊಟ್ಟವಳೂ ನಾನೇ, ಮಧ್ಯದಲ್ಲಿ ನಿಲ್ಲಿಸಿದವಳೂ ನಾನೇ. ಕೂದಲು ಅರ್ಧ ಉಳಿದಿದ್ದು ನನ್ನ ಹಟದಿಂದ. ಆ ಮನುಷ್ಯ ಐದು ನಿಮಿಷ ಕೇಳಿದ್ರು, ನಾನು ಕೊಡಲಿಲ್ಲ.”

ಹೆಂಡತಿಯ ಕಡೆಯ ವಕೀಲರು ಎದ್ದರು. ಅವರು ಬಾಯಿ ತೆರೆಯುವ ಮೊದಲೇ ಹೊಲಿಗೆಯವಳು ಕತ್ತರಿ ಕೈಗೆತ್ತಿಕೊಂಡು, ಅರ್ಜಿಯ ಪ್ರತಿಯ ಮೂಲೆಗೆ ಇಟ್ಟು ಒತ್ತಿದಳು. ಕಾಗದ ಮಡಿಚಿಕೊಂಡಿತೇ ಹೊರತು ತುಂಡಾಗಲಿಲ್ಲ. ಆಕೆ ನೇರ ಗಂಡನ ಕಡೆ ತಿರುಗಿದಳು.

“ಇದರಲ್ಲಾ? ಇದರಲ್ಲಿ ಹೇಗ್ರೀ ಕತ್ತರಿಸಿದ್ರಿ?”

“ನಾಲ್ಕು ನಾಲ್ಕೇ ಎಳೆ ಹಿಡಿದೆ. ಜಾಸ್ತಿ ಹಿಡಿದ್ರೆ ನೋಯುತ್ತಲ್ಲ ಅವಳಿಗೆ.”

ಕತ್ತರಿ ಹಿಡಿದು ಹೊಟ್ಟೆ ಹೊರೆಯುವವಳಿಗೆ ಅಷ್ಟು ಸಾಕಿತ್ತು. ಆಕೆ ಕೂತಳು, ಅರ್ಜಿ ವಾಪಸಾಯಿತು. ಅಕ್ಕನಿಗೆ ಎಚ್ಚರಿಕೆಯ ಮೆಮೊ ಸಿಕ್ಕಿತು. ಕ್ಷೌರಿಕ ತನ್ನದೇ ಕತ್ತರಿ ತರಬಹುದು, ಕೆಲಸದ ಮೊದಲೂ ಆಮೇಲೂ ಅದು ಅಕ್ಕನ ವಶದಲ್ಲಿರಬೇಕು ಎಂದು ಆದೇಶವಾಯಿತು. ಕಥೆಯಾಗಿದ್ದರೆ ಗಂಡ ಹೆಂಡತಿ ಇಲ್ಲಿಗೆ ಒಂದಾಗಬೇಕಿತ್ತು. ಇವರು ಆಗಲಿಲ್ಲ, ಮುಂದೆ ಇಬ್ಬರೂ ಒಪ್ಪಿಯೇ ಬೇರೆಯಾದರು.

ನಾನು ಹೇಳಹೊರಟಿದ್ದು ಮರು ಶನಿವಾರದ ಸಂಗತಿ. ಕಡತ ಹುಡುಕುವ ನೆಪದಲ್ಲಿ ನಾನು ಬಾಗಿಲ ಬಳಿಯೇ ಇದ್ದೆ. ಒಳ್ಳೆಯ ಕತ್ತರಿ, ಪಳಗಿದ ಕೈ. ಸಾಕ್ಷಿಗೆಂದು ಅಮ್ಮ ಹಾಗೇ ಬಿಟ್ಟಿದ್ದ ಎಡಗಡೆಯ ಕೆಲಸ ಸರಸರ ಸಾಗಿತು. ಎಡಕಿವಿಯ ಹಿಂದೆ ಒಂದು ಎಸಳು ಕೂದಲು ಉಳಿದಾಗ ಹುಡುಗಿ ಅದನ್ನು ಗಬಕ್ಕನೆ ಮುಷ್ಟಿಯಲ್ಲಿ ಹಿಡಿದಳು.

“ಇದು ಬೇಡ. ಇದು ಮುಂದಿನ ಶನಿವಾರಕ್ಕೆ.”

“ಚೆನ್ನಾಗಿ ಕಾಣಲ್ಲ ಪುಟ್ಟಿ. ಅಮ್ಮ ಬೈತಾಳೆ.”

“ಎಲ್ಲಾ ಮುಗಿದುಹೋದ್ರೆ ನೀನು ಯಾಕೆ ಬರ್ತೀಯ?”

ಅವನು ಕತ್ತರಿಯನ್ನು ಅಕ್ಕನ ಕೈಗೆ ಕೊಟ್ಟುಬಿಟ್ಟ.

ನಾಲ್ಕಕ್ಕೆ ಅಮ್ಮ ಬಂದಳು. ಮಗಳ ತಲೆಯನ್ನು ಅತ್ತ ಇತ್ತ ತಿರುಗಿಸಿ ನೋಡುವಾಗ ಬೆರಳು ಆ ಎಸಳಿಗೆ ತಗುಲಿತು. ಇನ್ನೊಂದು ಅರ್ಜಿ ಗ್ಯಾರಂಟಿ ಎಂದುಕೊಂಡೆ. ಹುಡುಗಿ ಅಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅಮ್ಮ ಆ ಎಸಳನ್ನು ಮೆಲ್ಲಗೆ ಕಿವಿಯ ಹಿಂದಕ್ಕೆ ಸಿಕ್ಕಿಸಿದಳು.

“ಆಯ್ತು. ಅದನ್ನ ನಾನು ಮುಟ್ಟಲ್ಲ.”

ಅಪ್ಪ, ಅಮ್ಮ, ಮಗಳು ಮೂವರೂ ಹೊಸ್ತಿಲಲ್ಲೇ ನಿಂತಿದ್ದರು. ಯಾರೂ ಅವರಿಗೆ ಸಮಯವಾಯಿತು ಎನ್ನಲಿಲ್ಲ. ಅಂದು ಅಕ್ಕ ಬಾಗಿಲು ಮುಚ್ಚಿದ್ದು ನಾಲ್ಕು ಗಂಟೆ ಆರು ನಿಮಿಷಕ್ಕೆ.