ಕಿಡಿಯ ಬೆನ್ನು ಹತ್ತಿದ ಯಲ್ಲಾರಿ

ಪಾಶ್ಚಾಪುರದ ಏರಿನಲ್ಲಿ ನಸುಕಿನ ಗೂಡ್ಸ್ ಗಾಡಿ ಏದುಸಿರು ಬಿಡುತ್ತ ಹತ್ತುತ್ತಿದೆ. ಉಗಿ ಇಂಜಿನ್ನಿನ ಕಿಡಿಗಳು ಹಳಿಯಂಚಿನ ಒಣಹುಲ್ಲಿಗೆ ಉದುರುತ್ತಿವೆ. ಕೊನೆಯ ಡಬ್ಬಿ ದಾಟಿತೋ ಇಲ್ಲವೋ, ಯಲ್ಲಾರಿ ಹಸಿ ಗೋಣಿಚೀಲ ಹಿಡಿದು ಅದರ ಹಿಂದೆಯೇ ಓಡುತ್ತಾರೆ. ಹೊಗೆಯಾಡಿದಲ್ಲೆಲ್ಲ ಬಡಿಯುತ್ತಾರೆ, ಚಪ್ಪಲಿಯಿಂದ ಹೊಸಕುತ್ತಾರೆ. ಹೊಲದ ಬದುವಿನಲ್ಲಿ ನಿಂತ ರೈತನೊಬ್ಬ ಅವರನ್ನೇ ದಿಟ್ಟಿಸುತ್ತಾನೆ.

"ಬೆಂಕಿ ಆರಸಾಕ ಬಂದಾನೋ, ಹಚ್ಚಾಕ ಬಂದಾನೋ ಅಂತ ನೋಡಾಕತ್ತಾನ್ರಿ," ಎನ್ನುತ್ತಾರೆ ಯಲ್ಲಾರಿ.

ಸ್ವಾತಂತ್ರ್ಯ ಬಂದ ವರ್ಷ ಹಳಿ ಕಾಯುವ ಗ್ಯಾಂಗಿಗೆ ಸೇರಿದವರು. ಬೇಸಿಗೆ ಬಂತೆಂದರೆ ಕಿಡಿ ಆರಿಸುವುದೇ ಕೆಲಸ. ಆಗ ಈ ದಾರಿಯಲ್ಲಿ ಬ್ರಿಟಿಷರ ಕಾಲದ ಇಂಜಿನ್ನೊಂದು ಓಡುತ್ತಿತ್ತು. ಜನ ಅದನ್ನು 'ಕರಿ ಮುದುಕಿ' ಎನ್ನುತ್ತಿದ್ದರು. ಅದು ಬಂದ ದಿನ ಯಲ್ಲಾರಿಯ ಅಂಗೈಯಲ್ಲಿ ಬೊಬ್ಬೆ ಏಳದೆ ಇರುತ್ತಿರಲಿಲ್ಲ.

ಒಂದು ಬೇಸಿಗೆ, ಅದು ಹಾದುಹೋದ ಮೇಲೆ, ಅಣ್ಣಪ್ಪ ಎಂಬ ರೈತನ ಜೋಳದ ಕಣಿಕೆಯ ಬಣವೆ ಸುಟ್ಟು ಬೂದಿಯಾಯಿತು. ಪರಿಹಾರದ ಆಸೆಗೆ ಅವನೇ ಹಚ್ಚಿಕೊಂಡಿದ್ದಾನೆ ಎಂದರು ರೈಲ್ವೆ ಸಾಹೇಬರು. ಯಲ್ಲಾರಿ ಮಲಗಿಬಿಟ್ಟಿದ್ದ ಎಂದರು ಊರವರು. ವಿಚಾರಣೆಯ ಮುನ್ನಾದಿನ ರೈಲ್ವೆಯ ಮೇಲಿನವನೊಬ್ಬ ಬಂದು, "ಕಿಡಿ ಕಂಡಿಲ್ಲ ಅಂತ ಹೇಳು. ನೌಕರಿ ಬೇಕಲ್ಲ ನಿನಗ?" ಎಂದ.

"ಊರವರೂ ನಮ್ಮನ್ನ ನಂಬೂದಿಲ್ಲ. ಯಾರ ಸಲುವಾಗಿ ಹೇಳ್ತೀರಿ? ಸುಮ್ಮನಿರ್ರಿ," ಎಂದಳು ಹೆಂಡತಿ ಕಾಶೆವ್ವ.

ಯಲ್ಲಾರಿ ಸುಮ್ಮನಿರಲಿಲ್ಲ. "ಕಿಡಿ ಹಾರಿದ್ದು ನೋಡೀನ್ರಿ. ನಾ ಓಡಿ ಮುಟ್ಟೂದ್ರಾಗ ಗಾಳಿ ಬಣವಿಗೆ ಒಯ್ತು," ಎಂದರು. ವಿಚಾರಣೆಗೆ ಬಂದ ಅಧಿಕಾರಿ ಇಂಜಿನ್ನಿನ ಮೂತಿಯ ಮುಚ್ಚಳ ತೆಗೆಸಿದರು. ಕಿಡಿ ತಡೆಯುವ ತಂತಿಬಲೆ ಮುಷ್ಟಿ ತೂರುವಷ್ಟು ಹರಿದಿತ್ತು. ಮುದುಕಿಯನ್ನು ಈ ದಾರಿಯಿಂದ ತೆಗೆದರು. ಕೆಲಕಾಲ ಘಟಪ್ರಭಾ ಸ್ಟೇಷನ್ನಿನಲ್ಲಿ ಡಬ್ಬಿ ತಳ್ಳುತ್ತಿತ್ತು. ಹೋದ ಮಳೆಗಾಲದಲ್ಲಿ ಅದನ್ನು ತುಂಡು ಮಾಡಿ ಗುಜರಿಗೆ ಹಾಕಿದರು.

ಸಾಕ್ಷಿ ಹೇಳಿದ ತಪ್ಪಿಗೆ ಯಲ್ಲಾರಿಯನ್ನು, ಕಿಡಿ ಹೆಚ್ಚು ಉದುರುವ, ಅತಿ ಕಡಿದಾದ ಈ ಏರಿಗೆ ಹಾಕಿದರು. ಅಣ್ಣಪ್ಪನಿಗೆ ಪರಿಹಾರ ಸಿಕ್ಕಿತು. ಅದರಲ್ಲಿ ಯಲ್ಲಾರಿಗೂ ಪಾಲು ಹೋಗಿದೆ ಎಂದು ಊರು ಇಂದಿಗೂ ಆಡಿಕೊಳ್ಳುತ್ತದೆ. ಅಣ್ಣಪ್ಪನದು ಇನ್ನೊಂದು ಅನುಮಾನ: "ಪುಕ್ಕಟೆ ಯಾರು ಸಾಕ್ಷಿ ಹೇಳ್ತಾರ್ರಿ? ಇಂದಲ್ಲ ನಾಳೆ ರೊಕ್ಕ ಕೇಳಾಕ ಬರ್ತಾನ." ಯಲ್ಲಾರಿ ಇನ್ನೂ ಹೋಗಿಲ್ಲ.

ಈಗಿನ ಇಂಜಿನ್ನುಗಳ ಬಲೆ ಗಟ್ಟಿಯಂತೆ, ಕಿಡಿ ಹಾರುವುದು ಕಡಿಮೆಯಂತೆ. ಯಲ್ಲಾರಿ ಗೋಣಿಯನ್ನು ಮತ್ತೆ ನೀರಿಗೆ ಅದ್ದಿ ಹಿಂಡುತ್ತಾರೆ.

"ಎಲ್ಲಾರೂ ನನ್ನ ಮ್ಯಾಲ ಸಂಶೆ ಪಡ್ತಾರ, ಪಡ್ಲಿ. ನಾ ಇಂಜಿನ್ ಮ್ಯಾಲ ಪಡ್ತೇನಿ. ಅದಕ್ಕ ನೋಡ್ರಿ, ನನ್ನ ಹದ್ದಿನ್ಯಾಗ ಈ ವರ್ಷ ಒಂದು ಬಣವೀನೂ ಸುಟ್ಟಿಲ್ಲ."