ಎರಡನೇ ಪುಟದ ಫೋಟೊಗಳು

ಅಮೆರಿಕದ ಆಸ್ಟಿನ್ ನಗರದ ಡೊಮೇನ್ ಎಂಬ ಬಡಾವಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿ ಬೇರೆ ಬೇರೆ ದೇಶಗಳ ಪತ್ರಿಕೆಗಳ ವೆಬ್‌ಸೈಟ್ ನೋಡಿಕೊಳ್ಳುತ್ತಿತ್ತು. ಪಕ್ಕದ ಸೀಟಿನಲ್ಲಿದ್ದಾಕೆ ರೊಮೇನಿಯಾದವಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಮಾತು ಕಡಿಮೆ. ಒಮ್ಮೆ ಅವಳ ದೇಶದ್ದೇ ಒಂದು ಟ್ಯಾಬ್ಲಾಯ್ಡ್ ಪತ್ರಿಕೆಯ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಪತ್ರಿಕೆಯ ಮುದ್ರಣ ನಿಂತುಹೋಗಿತ್ತು. ಹೊಸ ಮಾಲೀಕರಿಗೆ ಬೇಕಿದ್ದದ್ದು ಅದರ ಹೆಸರು ಮತ್ತು ವೆಬ್‌ಸೈಟ್ ಮಾತ್ರ. ಸ್ಕ್ಯಾನ್ ಮಾಡಿ ಅದರಲ್ಲಿ ಹಾಕಿದ್ದ ಹಳೆಯ ಪುಟಗಳನ್ನೆಲ್ಲ ಅಳಿಸಿಬಿಡಿ, ಯಾರಾದರೂ ಕೋರ್ಟಿಗೆ ಹೋದರೆ ತಲೆನೋವು ಎಂದಿದ್ದರು.

ಸ್ಕ್ರೀನಿನ ಮೇಲೆ ಪತ್ರಿಕೆಯ ಹೆಸರು ಕಂಡದ್ದೇ ಆಕೆ ಎದ್ದು ಹೊರಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು ಕೂತಳು.

"ನನ್ನ ಮೊದಲನೇ ಕೆಲಸ ಈ ಪತ್ರಿಕೆಯಲ್ಲೇ," ಅಂದಳು.

ಆಮೇಲೆ ಒಂದೊಂದೇ ವರ್ಷದ ಪುಟ ತೆರೆಯುತ್ತ ಹೇಳತೊಡಗಿದಳು. ಸರ್ವಾಧಿಕಾರಿ ಬೀಳುವವರೆಗೆ ಪತ್ರಿಕೆ ಎಂದರೆ ಆತನ ಮುಖ, ಆತನ ಭಾಷಣ. ಬಿದ್ದ ಮೇಲೆ ನಾಲ್ಕೈದು ಹುಡುಗರು ಒಂದು ನೆಲಮಾಳಿಗೆ ಹಿಡಿದು ಈ ಪತ್ರಿಕೆ ಶುರು ಮಾಡಿದರಂತೆ. ಶಾಯಿ ಕೈಗೆ ಹತ್ತುತ್ತಿತ್ತು, ಆದರೂ ಜನ ಚಳಿಯಲ್ಲಿ ಸಾಲು ನಿಂತು ಕೊಳ್ಳುತ್ತಿದ್ದರು. ಎರಡನೇ ಪುಟದ ತುಂಬ ಫೋಟೊಗಳು. ಸರ್ವಾಧಿಕಾರಿ ಬಿದ್ದ ಗಲಭೆಯ ದಿನಗಳಲ್ಲಿ ಮನೆಯಿಂದ ಹೊರಗೆ ಹೋದವರು, ತಿರುಗಿ ಬಾರದವರು. ಬಾಗಿಲಲ್ಲಿ ನಿಂತ ತಾಯಂದಿರ ಕೈಯಿಂದ ಆ ಫೋಟೊ ತೆಗೆದುಕೊಳ್ಳುವುದೇ ಆಗ ಇವಳ ಕೆಲಸ.

ಮಾಲೀಕರು ಬದಲಾದರು. ಎರಡನೇ ಪುಟಕ್ಕೆ ಜಾತಕ ಬಂತು, ಆಮೇಲೆ ನಟಿಯರು, ದೆವ್ವದ ಮನೆಗಳು, ಸ್ನಾನದ ಉಡುಪಿನ ಹುಡುಗಿಯರು. "ಒಂದೇ ದಿನದಲ್ಲಿ ಹಾಗಾಗಿದ್ರೆ ಕೆಲಸ ಬಿಡ್ತಿದ್ದೆ. ದಿನಾ ಸ್ವಲ್ಪ ಸ್ವಲ್ಪ ಆಯ್ತು," ಅಂದಳು.

ಮೊದಲ ವರ್ಷದ ಪುಟಗಳನ್ನಾದರೂ ಉಳಿಸೋಣ ಎಂದು ಇಬ್ಬರೂ ಮ್ಯಾನೇಜರ್ ಹತ್ತಿರ ಹೋದೆವು. ಆತ ಮಾಲೀಕರನ್ನು ಕೇಳಿದ. ಬೇಡ, ಕಾಪಿಯನ್ನೂ ಇಟ್ಟುಕೊಳ್ಳಕೂಡದು ಎಂದು ಉತ್ತರ ಬಂತು.

ಊರಾಚೆ ಜಾರ್ಜ್‌ಟೌನ್‌ನ ನಮ್ಮ ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಹುಬ್ಬಳ್ಳಿಯವರು. "ಹೊಟ್ಟಿ ಉರಿತೈತಿ ಖರೆ. ಆದ್ರ ನೀ ಏನ್ ಮಾಡಾಕಿ? ವೀಸಾ ಕಂಪನಿಯವರ ಕೈಯಾಗೈತಿ," ಅಂದರು.

ಅಳಿಸುವ ದಿನ ಊಟದ ನಂತರ ಆಕೆ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು.

"ನಾನು ಮಾಡ್ತೀನಿ ಬಿಡು," ಅಂದೆ.

"ಬೇಡ. ಅವರು ಫೋಟೊ ಕೊಟ್ಟಿದ್ದು ನನ್ನ ಕೈಗೆ."

ಒಂದೊಂದೇ ವರ್ಷದ ಪುಟಗಳು ಅಳಿಸಿಹೋದವು. ಆಕೆ ಅಳಲಿಲ್ಲ. ಕೊನೆಗೆ ಖಾಲಿ ಫೋಲ್ಡರನ್ನು ಎರಡು ಸಲ ತೆರೆದು ನೋಡಿ, ಬ್ಯಾಗ್ ಎತ್ತಿಕೊಂಡು ಹೊರಟುಹೋದಳು. ಪಾರ್ಕಿಂಗ್ ತನಕ ಜೊತೆಗೆ ನಡೆದೆ.

ಕೆಲವು ತಿಂಗಳಲ್ಲೇ ನಮ್ಮ ವಿಭಾಗ ಮುಚ್ಚಿತು. ನಾನು ಬೇರೆ ಕೆಲಸ ಹಿಡಿದೆ. ಆಕೆ ಹ್ಯೂಸ್ಟನ್ನಿಗೆ ಹೋದಳು, ವೃದ್ಧಾಶ್ರಮವೊಂದರಲ್ಲಿ ರಾತ್ರಿಪಾಳಿ. ಅಲ್ಲಿಗೆ ಒಂದು ಮದುವೆಗೆ ಹೋಗಿದ್ದಾಗ ಫೋನ್ ಮಾಡಿ ಭೇಟಿಯಾದೆ. ಸೊರಗಿದ್ದಳು. ಪತ್ರಿಕೆಯ ಮಾತನ್ನು ನಾನು ಎತ್ತಲಿಲ್ಲ, ಅವಳೇ ಎತ್ತಿದಳು.

ಅವಳ ಊರಿನ ಒಬ್ಬ ಮುದುಕಿ, ಎರಡನೇ ಪುಟದಲ್ಲಿ ಮಗನ ಫೋಟೊ ಹಾಕಿಸಿದ್ದವಳು, ಪ್ರತಿ ವರ್ಷ ಅವನ ಹುಟ್ಟಿದ ದಿನ ಯಾರಿಂದಲಾದರೂ ವೆಬ್‌ಸೈಟಿನಲ್ಲಿ ಆ ಪುಟ ತೆರೆಸಿ ನೋಡುತ್ತಿದ್ದಳಂತೆ. ಮನೆಯಲ್ಲಿ ಬೇರೆ ಫೋಟೊ ಇರಲಿಲ್ಲ. ಇದ್ದ ಒಂದನ್ನೇ ಪತ್ರಿಕೆಗೆ ಕೊಟ್ಟಿದ್ದಳು, ಅದು ಕಚೇರಿಯಲ್ಲೇ ಕಳೆದುಹೋಗಿತ್ತು. ಈ ವರ್ಷ ಪುಟ ತೆರೆಯುತ್ತಿಲ್ಲ ಎಂದು ಇವಳಿಗೆ ಫೋನ್ ಮಾಡಿದ್ದಳು.

"ನೀನೇನಂದೆ?"

"ಸರ್ವರ್ ಕೆಟ್ಟಿದೆ, ರಿಪೇರಿ ಮಾಡ್ತಿದಾರೆ ಅಂದೆ."

"ಮತ್ತೆ ಕೇಳಿದ್ರೆ?"

"ವಾರಕ್ಕೊಂದು ಸಲ ಕೇಳ್ತಾಳೆ," ಅಂದಳು. "ಅದನ್ನೇ ಹೇಳ್ತೀನಿ."