ಟ್ಯಾಂಕಿನ ಮೈಮೇಲಿನ ಹೊಂಡ

“ಈ ಹೊಂಡ ಮುಚ್ಚಿದರೆ ಹೊಸತರ ಹಾಗೆ ಕಾಣ್ತದೆ ನೋಡಿ” ಎನ್ನುತ್ತಾ ದುರಸ್ತಿಯ ಹುಡುಗ ಯುದ್ಧದ ಟ್ಯಾಂಕಿನ ಮುಂಭಾಗಕ್ಕೆ ಪುಟ್ಟಿ ಬಳಿದ. ಅವನು ಕಲ್ಲಡ್ಕದಲ್ಲಿ ಜಜ್ಜಿದ ಕಾರುಗಳ ಟಿಂಕರಿಂಗ್ ಮಾಡುವವನಂತೆ, ಈ ಕೆಲಸಕ್ಕೆಂದು ಕರೆಸಿದ್ದರು. ಮೂಡುಬಿದಿರೆ ಸಮೀಪದ ಸೇನಾ ಸಂಗ್ರಹಾಲಯದಲ್ಲಿ ಆ ಹಳೆಯ ಟ್ಯಾಂಕನ್ನು ದುರಸ್ತಿ ಮಾಡುತ್ತಿದ್ದರು.

ಯುದ್ಧದಲ್ಲಿ ಅದನ್ನು ಓಡಿಸಿದವರು ತೀರಿಹೋದ ನನ್ನ ಯಜಮಾನರು. ಶತ್ರುಗಳ ಗುಂಡು ಬಡಿದು ಆದ ಹೊಂಡ ಅದು. “ಗುಂಡು ಅಲ್ಲಿಯೇ ನಿಂತದ್ದಕ್ಕೆ ನಾನು ನಮ್ಮೂರು ನರಿಕೊಂಬಿಗೆ ತಿರುಗಿ ಬಂದೆ” ಎನ್ನುತ್ತಿದ್ದರು. ಒಮ್ಮೆ ಅದರಲ್ಲಿ ಕೈಯಿಡಬೇಕೆಂದೇ ನಾನು ಹೋಗಿದ್ದೆ. ಅಷ್ಟು ಗಂಡಸರೆದುರು ಮಾತು ಹೊರಡದೆ, ಅವನು ಬಳಿದು ಮುಗಿಸುವವರೆಗೂ ಸೆರಗು ಹಿಡಿದು ನಿಂತೆ. ಆಮೇಲೆ ಮೆಲ್ಲನೆ ವಿಷಯ ಹೇಳಿದೆ.

ಅವನ ಮುಖ ಸಪ್ಪಗಾಯಿತು. “ಎಂಥ ಅಮ್ಮ, ಮೊದಲೇ ಹೇಳುವುದಲ್ವಾ? ಇನ್ನೂ ಒಣಗಲಿಲ್ಲ, ಕೆರೆದು ತೆಗೀತೇನೆ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಬೇಡ ಮಗ, ಚಂದ ಆಗಿದೆ” ಎಂದುಬಿಟ್ಟೆ.

ಮೊಮ್ಮಕ್ಕಳೇ, ಈಗ ಅದಕ್ಕೆ ಹಸಿರು ಬಣ್ಣವೂ ಬಂದಿದೆಯಂತೆ. ನೀವು ಹೋದಾಗ, ಚಾಲಕ ಕೂರುವ ಜಾಗದ ಎಡಕ್ಕೆ, ತುಂಬ ನುಣ್ಣಗಿರುವಲ್ಲಿ ಕೈಯಿಡಿ. ನಿಮ್ಮ ಅಜ್ಜನನ್ನು ಉಳಿಸಿದ ಹೊಂಡ ಅದರ ಒಳಗೆ ಉಂಟು. ಯಾರು ನೋಡಿದರೂ ಕೈ ಹಿಂದೆ ತೆಗೆಯಬೇಡಿ.